ಬಾವಿ ತೋಡಿದ ಮೀಸೆ

ತುಮಕೂರಿನ ನಮ್ಮ ಉಪ್ಪಾರಹಳ್ಳಿಯ ಓಬಳಮ್ಮನದು ಹಿಟ್ಟಿನ ಮಿಲ್ಲು. ಮಿಲ್ಲು ಓಡುವಾಗ ಬಟವಾಡಿಯ ಬಸ್ಸುಗಳ ಹಾರ್ನು ನಾಚಿ ಸುಮ್ಮನಾಗುತ್ತದೆ. ಓಬಳಮ್ಮ ಬಾಯಿ ತೆಗೆದರೆ ಮಿಲ್ಲೇ ಸುಮ್ಮನಾಗುತ್ತದೆ. ಅಂಥ ಬಾಯಲ್ಲಿ ಮದುವೆಯಾದಾಗಿನಿಂದ ಬಾರದ ಹೆಸರು ಒಂದೇ, ತೀರಿಕೊಂಡ ಗಂಡನದು. ಗಂಡನ ಹೆಸರು ಹೇಳಬಾರದು ಅಂತ ಅವರವ್ವ ಕಲಿಸಿದ್ದಳು. ರೇಷನ್ ಕಾರ್ಡಿನವರು ಕೇಳಿದಾಗಲೂ ಪಕ್ಕದವರನ್ನು ಕರೆದು ಹೇಳಿಸಿದ್ದಳು.

ಆ ಗಂಡ ಚಿಕ್ಕಮಾರಯ್ಯ, ನಲ್ಲಿ ಇಲ್ಲದ ಕಾಲದಲ್ಲಿ ನಮ್ಮ ಬೀದಿಗೆ ಬಾವಿ ತೋಡಿದವನು. ಕೆಳಗೆಲ್ಲ ಬಂಡೆ. ಗಂಡ ಒಳಗೆ ಅಗೆಯುತ್ತಿದ್ದರೆ ಹೆಂಡತಿ ಮೇಲೆ ನಿಂತು ಮಂಕರಿಯಲ್ಲಿ ಮಣ್ಣೆಳೆಯುತ್ತಿದ್ದಳು. ಎದುರುಮನೆ ವೀರಭದ್ರಯ್ಯ ಒಂದು ಮಂಕರಿಗೂ ಕೈ ಹಾಕಲಿಲ್ಲ. ಜಗಲಿ ಮೇಲೆ ಕೂತು, ‘ಇಲ್ಲಿ ನೀರು ಬಂದ್ರೆ ಮೀಸೆ ಬೋಳಿಸ್ಕೊಂತೀನಿ ಕಣ್ಲಾ’ ಅಂದಿದ್ದ. ನೀರು ಬಂತು, ಮೀಸೆ ಹೋಗಲಿಲ್ಲ. ಆ ನೀರು ಕುಡಿದೇ ಅದು ಎಷ್ಟು ಬೆಳೆಯಿತೆಂದರೆ, ಅವನು ಎದುರು ಬಂದರೆ ಆಟೋದವರು ರಿವರ್ಸ್ ತಗೋಬೇಕು.

ಹೋದ ವರ್ಷ ಸುಶ್ಮಿತಾ ಅನ್ನುವ ಹುಡುಗಿ ಕ್ಯಾಮೆರಾ ಹೊತ್ತು ಬಂದಳು. ತುಮಕೂರಿನ ಬಡಾವಣೆಗಳು ಹೇಗೆ ಹುಟ್ಟಿದವು, ಯಾರ್ಯಾರು ಎಲ್ಲೆಲ್ಲಿಂದ ಬಂದು ಕಟ್ಟಿದರು ಅಂತ ಸಾಕ್ಷ್ಯಚಿತ್ರ ಮಾಡುತ್ತಿದ್ದಳು. ಓಬಳಮ್ಮನನ್ನು ಬಾವಿಕಟ್ಟೆ ಮೇಲೆ ಕೂರಿಸಿ, ಇದನ್ನು ತೋಡಿದ್ದು ಯಾರಜ್ಜಿ ಅಂತ ಕೇಳಿದಳು.

‘ನಮ್ಮನೆಯವ್ರು.’

ಹೆಸರು ಕೇಳಿದರೆ ಓಬಳಮ್ಮ ನಾಚಿ, ಅಲ್ಲಿ ಕೇಳ್ಕೋ ಅಂತ ಎದುರಿನ ಜಗಲಿಗೆ ಕೈ ತೋರಿಸಿ, ಗಿರಾಕಿ ಕಾಯುತ್ತಿದ್ದಾರೆಂದು ಮಿಲ್ಲಿಗೆ ಓಡಿದಳು. ಜಗಲಿಯಲ್ಲಿ ವೀರಭದ್ರಯ್ಯ. ಇವನೇ ಗಂಡ ಅಂದುಕೊಂಡ ಹುಡುಗಿ, ಬಾವಿ ತೋಡಿದ್ದು ನೀವೇನಾ ಅಂದಳು. ಪುಣ್ಯಾತ್ಮ ಮೀಸೆ ತಿರುವಿ, ‘ಅಂಗೈಯೆಲ್ಲ ಬೊಬ್ಬೆ ಬಂದಿತ್ತು ಕಣಮ್ಮ’ ಅಂದುಬಿಟ್ಟ.

ಸಿನಿಮಾ ತೋರಿಸಿದ್ದು ಬಟವಾಡಿಯ ಒಂದು ಕಲ್ಯಾಣ ಮಂಟಪದಲ್ಲಿ. ಇಡೀ ಬೀದಿ ಹೋಗಿತ್ತು. ಓಬಳಮ್ಮ ಗಂಡನ ಹೆಸರನ್ನು ಪರದೆ ಮೇಲೆ ನೋಡಲು ಹೊಸ ಸೀರೆ ಉಟ್ಟು ಮುಂದೆ ಕೂತಿದ್ದಳು. ಪರದೆಯಲ್ಲಿ ಅವಳು ‘ನಮ್ಮನೆಯವ್ರು’ ಅನ್ನುವುದಕ್ಕೂ ಗೋಡೆಯಗಲದ ಮೀಸೆ ಬರುವುದಕ್ಕೂ ಸರಿಹೋಯಿತು. ಕೆಳಗೆ ದಪ್ಪಕ್ಷರದಲ್ಲಿ: ಬಾವಿ ತೋಡಿದ ವೀರಭದ್ರಯ್ಯ. ಸಂಗತಿ ಗೊತ್ತಿಲ್ಲದ ಹೊರಗಿನವರದು ಚಪ್ಪಾಳೆಯೋ ಚಪ್ಪಾಳೆ. ವೇದಿಕೆಗೆ ಕರೆದು ಹಾರ ಹಾಕಿ, ಬೀದಿಗೆ ಇವರದೇ ಹೆಸರಿಡುತ್ತೇವೆ ಅಂತಲೂ ಸಾರಿದರು. ಅವನು ಕತ್ತು ಬಗ್ಗಿಸಿಕೊಟ್ಟ.

ನಾನು ಓಬಳಮ್ಮನ ಮುಖ ನೋಡಿದೆ. ಆ ಕಣ್ಣಿನ ಕಾವಿಗೆ ನನ್ನ ಜೇಬಿನಲ್ಲಿದ್ದ ಹಸಿ ಕಡ್ಲೆಕಾಯಿ ಹುರಿದುಹೋದವು. ಅವಳು ಕೂಗಾಡಲಿಲ್ಲ. ಮೆಲ್ಲಗೆ ಮೆಟ್ಟಿಲು ಹತ್ತಿ ಮೈಕು ಇಸಕೊಂಡಳು.

‘ನಮ್ಮನೆಯವ್ರು ಅಂದೆ. ಇವ್ರು ನಾನೇ ಅಂತ ಹಾರ ಹಾಕಿಸ್ಕೊಂಡವ್ರೆ. ಇಷ್ಟು ದಿನ ಅಣ್ಣ ಅಂತಿದ್ದೆ, ತಪ್ಪಾಯ್ತು. ನಡೀರಿ ಮನೆಗೆ. ಮಿಲ್ಲಿನ ಬೆಲ್ಟು ಕಿತ್ತೋಗೈತೆ, ಮಾಳಿಗೆ ಸೋರ್ತೈತೆ. ಹನುಮಂತಕ್ಕ, ಇವ್ರ ಬಟ್ಟೆಬರೆ ಕಟ್ಟಿಕೊಡು.’

ಹನುಮಂತಮ್ಮ ಅಂದರೆ ವೀರಭದ್ರಯ್ಯನ ಕಟ್ಟಿಕೊಂಡ ಹೆಂಡತಿ. ಕೂತಲ್ಲಿಂದ ಎದ್ದು, ‘ಒಂದು ಬನೀನೂ ಬಿಡದಂಗೆ ಕಟ್ಟಿಕೊಡ್ತೀನಿ, ಕರ್ಕೊಂಡೋಗು ಕಣೇ’ ಅಂದಳು. ಮಂಟಪ ನಕ್ಕ ನಗೆಗೆ ದೇವರಾಯನದುರ್ಗದ ಕೋತಿಗಳು ಮರ ಬಿಟ್ಟು ಇಳಿದವಂತೆ. ವೀರಭದ್ರಯ್ಯನ ಮೀಸೆ ಜೋತುಬಿದ್ದು ಹಾರದೊಳಗೆ ಸೇರಿಕೊಂಡಿತು. ನಾನಲ್ಲ ಅಂತ ಗೊಣಗಿದ.

‘ಮತ್ಯಾರು?’

‘ನಿನ್ನ ಗಂಡ.’

‘ಹೆಸರಿಲ್ವಾ ಅವ್ರಿಗೆ?’

‘ಚಿಕ್ಕಮಾರಯ್ಯ.’

‘ಹಿಂದಿನೋರಿಗೆ ಕೇಳಿಸ್ಲಿಲ್ಲ.’

ಮತ್ತೆ ಹೇಳಿದ. ಅಡುಗೆಭಟ್ಟರು ಸೌಟು ಹಿಡಿದು ಬಂದು ನಮಗೂ ಕೇಳಿಸಿತು ಅನ್ನುವವರೆಗೂ ಬಿಡಲಿಲ್ಲ ಅವಳು. ಕೊನೆಗೆ, ಅವರು ತೋಡುವಾಗ ನೀವೇನು ಮಾಡ್ತಿದ್ರಿ ಅಂದಳು. ಜಗಲಿ ಮೇಲೆ ಕೂತಿದ್ದೆ ಅಂದ. ಸುಶ್ಮಿತಾ ತಪ್ಪಾಯ್ತಜ್ಜಿ ಅನ್ನುತ್ತಲೇ ಎಲ್ಲವನ್ನೂ ಕ್ಯಾಮೆರಾಕ್ಕೆ ತುಂಬಿಕೊಂಡಳು.

ಈಗ ಸಿನಿಮಾ ಮುಗಿಯುವುದೇ ಹಾಗೆ: ಕೊರಳಲ್ಲಿ ಹಾರ, ಬಾಯಲ್ಲಿ ಚಿಕ್ಕಮಾರಯ್ಯ. ಬೀದಿಯ ಬೋರ್ಡಿನಲ್ಲೂ ಅದೇ ಹೆಸರು ಬಂತು. ಕುಣಿಗಲ್‌ನಲ್ಲಿ ತೋರಿಸಿದಾಗ ಓಬಳಮ್ಮ ಮಿಲ್ಲು ಮುಚ್ಚಿ, ಹನುಮಂತಮ್ಮನನ್ನೂ ಬಸ್ ಹತ್ತಿಸಿಕೊಂಡು ಹೋಗಿ, ಅದೊಂದು ತುಂಡನ್ನು ಮತ್ತೆ ಮತ್ತೆ ಹಾಕಿಸಿ ನೋಡಿ ಬಂದಳು. ವೀರಭದ್ರಯ್ಯ ಜಗಲಿಗೆ ಬಂದರೆ ಮೂತಿಗೆ ಟವಲು ಸುತ್ತಿಕೊಂಡೇ ಬರುತ್ತಾನೆ.

ಇನ್ನಾದರೂ ಬಿಟ್ಟುಬಿಡಮ್ಮ ಅಂದೆ ನಾನು, ರಾಗಿ ಡಬ್ಬ ಇಡುತ್ತ.

‘ಟವಲ್ ಒಳಗೆ ಮೀಸೆ ಇನ್ನೂ ಹಂಗೇ ಐತಲ್ಲ? ಬರೋ ವಾರ ಗುಬ್ಬೀಲಿ ತೋರಿಸ್ತಾರಂತೆ. ಅವ್ನನ್ನೂ ಕರ್ಕೊಂಡೋಗ್ತೀನಿ. ಬಸ್ ಸ್ಟ್ಯಾಂಡ್ ಪಕ್ಕದಲ್ಲೇ ಕಟಿಂಗ್ ಶಾಪ್ ಐತೆ.’