ಬುಗುರಿಗೆ ಕಟ್ಟಿದ ಎರಡನೇ ಹಗ್ಗ

ಅವತ್ತು ನಮ್ಮವರನ್ನು ಬಾಗಿಲಲ್ಲಿ ನೋಡಿ ನನ್ನ ಕೈಯಲ್ಲಿದ್ದ ಲೋಟ ಜಾರಿ ನೆಲಕ್ಕೆ ಬಿತ್ತು. ಅವರ ಪಕ್ಕದಲ್ಲಿ ಒಂದು ಕಂದು ನಾಯಿ ನಿಂತಿತ್ತು. ನಿಂತಿತ್ತು ಅಂದರೆ ಸುಳ್ಳಾಗುತ್ತದೆ, ತನ್ನ ಬಾಲ ಹಿಡಿಯಲು ತಾನೇ ಗಿರಗಿರ ಸುತ್ತುತ್ತಿತ್ತು.

"ಎರಡೇ ತಿಂಗಳು ಕಣೇ. ಬೇರೆ ಮನೆ ಹುಡುಕೋವರೆಗೆ."

"ಯಾರಿಗ್ರೀ? ನಾಯಿಗೋ ನಮಗೋ?" ಅಂದೆ. ನಮ್ಮದು ಬಾಡಿಗೆ ಮನೆ, ಅದೂ ಮಹಡಿ ಮೇಲೆ. ಕೆಳಗೆ ಮನೆಯ ಯಜಮಾನಿ. ಚಮಚ ಬಿದ್ದರೂ ಆಯಮ್ಮ ಕೋಲಿನಿಂದ ಛಾವಣಿ ಕುಟ್ಟುತ್ತಾರೆ.

ನಮ್ಮವರು ಇಪ್ಪತ್ತೇಳು ವರ್ಷದಿಂದ ಜನಕ್ಕೆ ಕಾರು ಓಡಿಸುವುದನ್ನು ಕಲಿಸುತ್ತಿದ್ದಾರೆ. ಬೀದಿಯವರೆಲ್ಲ ಕರೆಯುವುದು ಬ್ರೇಕ್ ಮೇಷ್ಟ್ರು ಅಂತ. ಕಲಿಸುವ ಕಾರಿನಲ್ಲಿ ಮೇಷ್ಟರ ಕಾಲ ಬಳಿಯೂ ಒಂದು ಬ್ರೇಕ್ ಇರುತ್ತದಲ್ಲ, ಇವರ ಪಾದ ಅದರಿಂದ ಏಳುವುದೇ ಇಲ್ಲ. ಕಲಿಯುವವರು ಗಾಬರಿಯಲ್ಲಿ ಮರಕ್ಕೆ ಗುರಿಯಿಟ್ಟರೆ ಇವರು ಸದ್ದಿಲ್ಲದೆ ಒತ್ತುತ್ತಾರೆ. ಕಾರು ನಿಂತ ಮೇಲೆ, "ಶಹಬ್ಬಾಸ್, ಎಷ್ಟು ಚೆನ್ನಾಗಿ ನಿಲ್ಲಿಸಿದ್ರಿ!" ಅನ್ನುತ್ತಾರೆ. ಧೈರ್ಯ ಬರಲಿ ಅಂತ. ಮನೆಯಲ್ಲೂ ಅದೇ ಚಾಳಿ. ನಾನು ಚಹಾವನ್ನು ಲೋಟದ ಅಂಚಿನವರೆಗೆ ಬಗ್ಗಿಸಿದರೆ ಸಾಕು, ಕುರ್ಚಿಯಲ್ಲಿ ಕೂತವರ ಬಲಗಾಲು ನೆಲವನ್ನು ಒತ್ತುತ್ತದೆ.

ನಾಯಿ ಬಂದದ್ದು ದಿಕ್ಕಿಲ್ಲದ ನಾಯಿಗಳ ಆಶ್ರಯಧಾಮದಿಂದ. ಅಲ್ಲಿನ ಡಾಕ್ಟರಮ್ಮ ಇವರ ಹತ್ತಿರ ಕಾರು ಕಲಿತವಳು. ಯಾರೋ ಹೆದ್ದಾರಿಯಲ್ಲಿ ಬಿಟ್ಟುಹೋದ ಹೆಣ್ಣುನಾಯಿಯಂತೆ. ಇಬ್ಬರು ಸಾಕಲು ಒಯ್ದು, ಇದರ ಕುಣಿತ ತಾಳಲಾರದೆ ವಾಪಸ್ ತಂದುಬಿಟ್ಟಿದ್ದರು. "ಮೂರನೇ ಸಲವೂ ವಾಪಸ್ ಬಂದ್ರೆ ಇನ್ಯಾರೂ ಮುಟ್ಟಲ್ಲ ಸಾರ್, ಆ ಗೂಡಲ್ಲೇ ಇದರ ಆಯಸ್ಸು ಮುಗಿಯುತ್ತೆ" ಅಂದಳಂತೆ. ಈ ಮಾತು ಕೇಳಿದ ಮೇಲೆ ನಮ್ಮವರು ಬರಿಗೈಯಲ್ಲಿ ಬರುತ್ತಾರೆಯೇ?

ಬುಗುರಿ ಅಂತ ಹೆಸರಿಟ್ಟರು. ಒಂದೇ ವಾರದಲ್ಲಿ ಅದು ಮೂರು ಕಾಲೊರಸು, ಒಂದು ದಿಂಬು, ನನ್ನ ಎಡಗಾಲಿನ ಚಪ್ಪಲಿ ಎಲ್ಲವನ್ನೂ ಮುಗಿಸಿತು. ಒಂದು ಬೆಳಿಗ್ಗೆ ಕಲಿಸುವ ಕಾರಿನ ಕಿಟಕಿಯಿಂದ ಒಳಗೆ ಹಾರಿತು. ಸ್ಟೀರಿಂಗ್ ಹಿಡಿದು ಕೂತಿದ್ದ ಹೆಂಗಸು ಕಿಟಾರನೆ ಕಿರುಚಿ ಇನ್ನೊಂದು ಬಾಗಿಲಿಂದ ಇಳಿದು ಓಡಿದಳು, ಆಮೇಲೆ ಪಾಠಕ್ಕೆ ಬರಲೇ ಇಲ್ಲ. ಕೋಲು ಹಗಲೆಲ್ಲ ಛಾವಣಿ ಕುಟ್ಟಿತು. ಕೊನೆಗೆ ಯಜಮಾನಿಯೇ ಮೆಟ್ಟಿಲು ಹತ್ತಿ ಬಂದು, "ತಿಂಗಳ ಕೊನೆಗೆ ಆ ನಾಯಿ ಹೋಗಬೇಕು, ಇಲ್ಲ ನೀವು ಹೋಗಬೇಕು" ಅಂದರು. ನಾಯಿ ಆಯಮ್ಮನ ಸೆರಗು ಹಿಡಿದು ಎಳೆಯಿತು.

ನಮ್ಮವರು ಮನೆ ಹುಡುಕಿದ್ದೂ ಕಾರು ಕಲಿಸಿದ ಹಾಗೆಯೇ. ನಾಯಿ ಬೇಕು ಅಂದವರಿಗೆ ಮೊದಲು ನಾಲ್ಕು ದಿನ ಪರೀಕ್ಷೆ. ಕೊರಳಪಟ್ಟಿಯ ಹಗ್ಗ ಅವರ ಕೈಗೆ. ನಾಯಿಯ ಎದೆಗೆ ಕಟ್ಟಿದ ಇನ್ನೊಂದು ಹಗ್ಗ ಇವರ ಕೈಯಲ್ಲಿ. ಔಷಧಿ ಅಂಗಡಿಯವರು ಬಂದರು. ಅರವತ್ತು ದಾಟಿದವರು, ಹೆಂಡತಿ ಇಲ್ಲ, ಮನೆ ಸುತ್ತ ದೊಡ್ಡ ಅಂಗಳ. ಒಳ್ಳೆಯ ಮನುಷ್ಯ. ನಾಲ್ಕು ದಿನವೂ ಬುಗುರಿ ಅವರ ಪಕ್ಕದಲ್ಲಿ ತಲೆ ತಗ್ಗಿಸಿ ನಡೆಯಿತು. ನಾನು ಕಿಟಕಿಯಿಂದ ನೋಡಿ ದಂಗಾದೆ.

"ಶಹಬ್ಬಾಸ್! ನಿಮ್ಮ ಕೈಗುಣ ಸಾರ್," ಅಂದರು ನಮ್ಮವರು. ಅಂಗಡಿಯವರು ಹಿಗ್ಗಿಹೋದರು. ಐದನೇ ದಿನ ಸಂಜೆ ನಾಯಿಯನ್ನು ಕರೆದುಕೊಂಡು ಹೋದರು.

ಮಾರನೇ ಬೆಳಿಗ್ಗೆ ಆರೂವರೆಗೆ ಫೋನು. ಅಂಗಡಿಯವರ ತಮ್ಮ ಮಾತಾಡುತ್ತಿದ್ದ. ಗೇಟು ದಾಟಿದ್ದೇ ನಾಯಿ ನಾಗಾಲೋಟ ಹೂಡಿದೆ. ಹಗ್ಗವನ್ನು ಅಂಗೈಗೆ ಸುತ್ತಿಕೊಂಡಿದ್ದ ಅಣ್ಣನನ್ನು ದೊಡ್ಡ ರಸ್ತೆವರೆಗೆ ಎಳೆದು ಕೆಡವಿದೆ. ಮಣಿಕಟ್ಟು ಮುರಿದಿದೆ. ಹಣೆ ಪಕ್ಕದಲ್ಲೇ ಲಾರಿ ಹೋಯಿತಂತೆ, ಒಂದು ಗೇಣು ಅಂತರದಲ್ಲಿ. ನಾಯಿಯ ಪತ್ತೆಯಿಲ್ಲ.

ನಮ್ಮವರ ಮುಖದಲ್ಲಿ ರಕ್ತವೇ ಇರಲಿಲ್ಲ. ಒಂದು ಗೇಣು! ಆ ಒಳ್ಳೆಯ ಮನುಷ್ಯನಿಗೆ ಏನಾದರೂ ಆಗಿದ್ದರೆ ನಾವು ಯಾರಿಗೆ ಮುಖ ತೋರಿಸಬೇಕಿತ್ತು?

ಆಸ್ಪತ್ರೆಗೆ ಓಡಿದೆವು. ಕೈಗೆ ಪಟ್ಟಿ ಹಾಕಿಸಿಕೊಂಡು ಕೂತಿದ್ದ ಅವರು, "ನಾಲ್ಕು ದಿನ ಅಷ್ಟು ಸಾಧುವಾಗಿತ್ತಲ್ಲ ಮೇಷ್ಟ್ರೇ, ನನ್ನಲ್ಲೇ ಏನೋ ಐಬು," ಅಂದರು.

ನಮ್ಮವರು ಅವರ ಕಾಲ ಬಳಿ ಕುಕ್ಕರಿಸಿದರು. "ಐಬು ನಿಮ್ಮದಲ್ಲ ಸಾರ್. ನಾಲ್ಕು ದಿನವೂ ಅದನ್ನ ಹಿಡಿದದ್ದು ನಾನು. ಶಹಬ್ಬಾಸ್ ಹೇಳಿದ್ದು ನಿಮಗೆ."

ಈ ಮನುಷ್ಯ ಎಷ್ಟು ಜನಕ್ಕೆ ಹೀಗೆ ಸುಳ್ಳು ಧೈರ್ಯ ತುಂಬಿ ರಸ್ತೆಗೆ ಬಿಟ್ಟಿದ್ದಾರೋ ಅಂತ ನಾನು ಲೆಕ್ಕ ಹಾಕತೊಡಗಿದೆ.

ಮನೆಗೆ ಬಂದರೆ ಇನ್ನೊಂದು ಆಘಾತ. ಮೆಟ್ಟಿಲ ಬುಡದಲ್ಲಿ ಬುಗುರಿ ನಾಲಿಗೆ ಚಾಚಿಕೊಂಡು ಮಲಗಿತ್ತು. ಹೌದು, ಮಲಗಿತ್ತು! ಐದು ವಾರದಲ್ಲಿ ಅದು ಹಗಲು ಮಲಗಿದ್ದನ್ನು ನಾನು ಕಂಡಿರಲಿಲ್ಲ. ಪಕ್ಕದಲ್ಲಿ ಸೈಕಲ್ಲು ಹಿಡಿದು ಒಬ್ಬಾಕೆ. ಮನೆಮನೆಗೆ ಪೇಪರ್ ಹಾಕುವಾಕೆ.

"ಕೊರಳಪಟ್ಟಿ ಮೇಲೆ ನಿಮ್ಮ ವಿಳಾಸ ಇತ್ತು. ಹನ್ನೊಂದು ಬೀದಿ ನನ್ನ ಸೈಕಲ್ ಪಕ್ಕ ಓಡಿದೆ ರೀ ಇದು," ಅಂದಳು. "ಹೋದ ವರ್ಷದವರೆಗೂ ನನ್ನ ನಾಯಿ ಹೀಗೇ ಓಡ್ತಿತ್ತು, ಹನ್ನೆರಡು ವರ್ಷ. ಅದು ಸತ್ತ ಮೇಲೆ ನಂಗೆ ಸೈಕಲ್ ತುಳಿಯೋದೇ ಬೇಜಾರು. ಇದನ್ನ ಯಾರಿಗಾದ್ರೂ ಕೊಡೋದಾದ್ರೆ ನನಗೆ ಕೊಡಿ."

ನಮ್ಮವರು ಅಭ್ಯಾಸಬಲದಿಂದ, "ನಾಲ್ಕು ದಿನ ನಾನೂ ಒಂದು ಹಗ್ಗ ಹಿಡಿದು..." ಅಂತ ಶುರು ಮಾಡಿದರು. ನಾನು ಕಣ್ಣು ಕೆಂಪಗೆ ಮಾಡಿ ನೋಡಿದೆ. ಮಾತು ಅಲ್ಲೇ ನುಂಗಿಕೊಂಡರು.

ಹಾಗಾಗಿ ಪರೀಕ್ಷೆ ಇವರ ಹಗ್ಗವಿಲ್ಲದೆ ನಡೆಯಿತು. ಏಳು ದಿನ ಬೆಳಿಗ್ಗೆ ಆಕೆ ಬಂದು ಬುಗುರಿಯನ್ನು ಓಡಿಸಿಕೊಂಡು ಹೋಗಿ ವಾಪಸ್ ಬಿಡುತ್ತಿದ್ದಳು. ಆ ಹೊತ್ತಿಗೆ ನಮ್ಮವರು ಎರಡೂ ಕೈ ಬೆನ್ನಿಗೆ ಕಟ್ಟಿಕೊಂಡು ಗೇಟಿನಲ್ಲಿ ನಿಲ್ಲುತ್ತಿದ್ದರು. ಮೊದಲ ದಿನ ಆಕೆ ತಿರುವಿನಲ್ಲಿ ತುಸು ವಾಲಿದಾಗ "ಅಯ್ಯೋ" ಅಂತ ಓಡಲು ಹೊರಟವರನ್ನು ನಾನೇ ಅಂಗಿ ಹಿಡಿದು ನಿಲ್ಲಿಸಿದೆ. ಬಿದ್ದರೆ ಆಕೆಯೇ ಬೀಳಲಿ, ಎದ್ದರೆ ಆಕೆಯೇ ಏಳಲಿ. ಆಕೆ ಬೀಳಲಿಲ್ಲ.

ಎಂಟನೇ ದಿನ ಪೂರ್ತಿಯಾಗಿ ಒಯ್ಯಲು ಬಂದಳು. ನಾನು ಬುಗುರಿಯ ತಟ್ಟೆ ತೊಳೆದು ಕೊಟ್ಟೆ.

"ಮೇಷ್ಟ್ರೇ, ಬೇಜಾರು ಮಾಡ್ಕೋಬೇಡಿ," ಅಂದಳು. "ಮೂರು ತಿಂಗಳು ನಮ್ಮ ಮನೆ ಕಡೆ ಬರಬಾರದು. ನಿಮ್ಮನ್ನ ಕಂಡ್ರೆ ಇದು ಬಾಗಿಲು ಕಾಯ್ತಾ ಕೂತುಬಿಡುತ್ತೆ, ನನ್ನ ಜೊತೆ ಹೊಂದ್ಕೊಳ್ಳಲ್ಲ."

ಇವರು ವಾದಕ್ಕೆ ಇಳಿಯುತ್ತಾರೆ ಅಂತ ನಾನು ಕಾದೆ. "ಆಯ್ತಮ್ಮ" ಅಂದರು, ಅಷ್ಟೇ. ಬಗ್ಗಿ ಬುಗುರಿಯ ಕಿವಿ ಸವರಿದರು. ಅದಕ್ಕೆ ಪುರುಸೊತ್ತೇ ಇರಲಿಲ್ಲ, ಆಗಲೇ ಸೈಕಲ್ಲಿನ ಸುತ್ತ ಕುಣಿಯುತ್ತಿತ್ತು. ಪೆಡಲ್ ತಿರುಗಿದ್ದೇ ಜೊತೆಗೆ ಓಡಿತು. ಮೊದಲ ಅಂಗಡಿ ದಾಟಿತು, ಹಿಟ್ಟಿನ ಗಿರಣಿ ದಾಟಿತು, ತಿರುವಿನಲ್ಲಿ ಮರೆಯಾಯಿತು.

"ತಿರುಗಿ ನೋಡ್ಲೇ ಇಲ್ಲ ಕಣೇ," ಅಂದರು.

"ನೋಡಬಾರದು ಅಂತ ತಾನೇ ಇಷ್ಟೆಲ್ಲ ಒದ್ದಾಡಿದ್ದು?" ಅಂದೆ.

ಹೌದು ಅಂತ ತಲೆಯಾಡಿಸಿದರು. ಹಾಗೇ ಮೆಟ್ಟಿಲ ಮೇಲೆ ಕುಸಿದು ಕೂತು, ಮುಖ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅತ್ತರು. ಅವರ ಅಪ್ಪ ತೀರಿಕೊಂಡಾಗಲೂ ಈ ಮನುಷ್ಯನ ಕಣ್ಣಲ್ಲಿ ಹನಿ ನೀರು ಬಂದಿರಲಿಲ್ಲ. ಒಂಬತ್ತು ಗಂಟೆಗೆ ಪಾಠಕ್ಕೆ ಬಂದ ಹುಡುಗಿಗೆ, ಮೇಷ್ಟ್ರಿಗೆ ಇವತ್ತು ಮೈ ಸರಿಯಿಲ್ಲ ಅಂತ ಹೇಳಿ ನಾನೇ ವಾಪಸ್ ಕಳಿಸಿದೆ.