ಎಪ್ಪತ್ತರ ಮನೆಯ ಏಳು ಮಂದಿ

ಗಣಿತ ಕಲಿಸುವವರು ಬಹಳ ಮಂದಿ ಇದ್ದಾರೆ. 'ಆಗುವುದಿಲ್ಲ' ಎಂಬುದೇ ಉತ್ತರವಾಗಿರುವ ಲೆಕ್ಕವನ್ನು ಮಕ್ಕಳ ಮುಂದಿಟ್ಟು ಅದರ ಸೊಗಸು ಕಾಣಿಸಿದವರು ವಿರಳ. ಆ ವಿರಳರ ಸಾಲಿಗೆ ಸೇರಿದವರು, ಮಕ್ಕಳು ಬೆನ್ನ ಹಿಂದೆ 'ಎಪ್ಪತ್ತಮ್ಮ' ಎಂದು ಕರೆಯುತ್ತಿದ್ದ, ಈಗ ನಿವೃತ್ತರಾಗುತ್ತಿರುವ ನಮ್ಮ ಶಾಲೆಯ ಗಣಿತದ ಮೇಡಂ.

ಸೇವೆಯ ಆರಂಭದಲ್ಲಿ ಅವರಿಗೆ ಹತ್ತನೆಯ ತರಗತಿ ಕೊಟ್ಟಿದ್ದರು. ಎಪ್ಪತ್ತು ಎಂಬ ಸಂಖ್ಯೆಯನ್ನು ಅವರು ತುಂಬಿದ ಮನೆಯೊಂದರ ಕಥೆಯಂತೆ ಹೇಳುತ್ತಿದ್ದರು. ಅದನ್ನು ಶೇಷವಿಲ್ಲದೆ ಭಾಗಿಸುವ, ಅದಕ್ಕಿಂತ ಚಿಕ್ಕ ಸಂಖ್ಯೆಗಳು ಏಳು: ಒಂದು, ಎರಡು, ಐದು, ಏಳು, ಹತ್ತು, ಹದಿನಾಲ್ಕು, ಮೂವತ್ತೈದು. ಏಳು ಮಕ್ಕಳಿಗೆ ಒಂದೊಂದು ರಟ್ಟು ಹಿಡಿಸಿ ಕರಿಹಲಗೆಯ ಮುಂದೆ ನಿಲ್ಲಿಸುವರು. ಕೂಡಿದರೆ ಎಪ್ಪತ್ನಾಲ್ಕು, ಬೇಕಾದದ್ದಕ್ಕಿಂತ ನಾಲ್ಕು ಹೆಚ್ಚು.

"ಸರಿಯಾಗಿ ಎಪ್ಪತ್ತು ಉಳೀಬೇಕು. ಯಾರನ್ನ ಕೂರಿಸ್ತೀರಿ?"

ಒಂದನ್ನೂ ಎರಡನ್ನೂ ಕೂರಿಸಿದರೆ ಎಪ್ಪತ್ತೊಂದು, ಐದನ್ನು ಕೂರಿಸಿದರೆ ಅರವತ್ತೊಂಬತ್ತು. ಹೇಗೆ ಎಳೆದಾಡಿದರೂ ಎಪ್ಪತ್ತು ಮಾತ್ರ ಬಾರದು.

"ಇರೋದೇ ಜಾಸ್ತಿ, ಆದ್ರೂ ಯಾಕೆ ಮೇಡಂ ಹೊಂದಲ್ಲ?" ಎಂದು ಐದರ ರಟ್ಟಿನ ಹುಡುಗಿ ಮುಖ ಸಣ್ಣದು ಮಾಡಿಕೊಂಡಳು.

"ಜಾಸ್ತಿ ಇದ್ದ ಮಾತ್ರಕ್ಕೆ ಹೊಂದಲ್ಲ ಕಣಮ್ಮ. ಈ ಸ್ವಭಾವದ ಸಂಖ್ಯೆಗಳಲ್ಲಿ ಎಲ್ಲಕ್ಕಿಂತ ಚಿಕ್ಕದು ಇದೇ."

ಅಂದು ತಪಾಸಣೆಗೆ ಬಂದಿದ್ದ ಶಾಲಾ ಇನ್‌ಸ್ಪೆಕ್ಟರು ಬಾಗಿಲಲ್ಲಿ ನಿಂತಿದ್ದರು. "ಉತ್ತರ ಏನು?"

"ಆಗಲ್ಲ ಅನ್ನೋದೇ ಉತ್ತರ ಸರ್. ಯಾಕಂತ ಮಕ್ಕಳೇ ತೋರಿಸಿದ್ರು."

"ಪರೀಕ್ಷೇಲಿ ಕೇಳ್ತಾರಾ ಇದನ್ನ?"

ಜೊತೆಗಿದ್ದ ಹೆಡ್‌ಮಾಸ್ಟರರು ನಕ್ಕರು. ಮರುವರ್ಷ ಹತ್ತನೆಯ ತರಗತಿ ಬೇರೆಯವರ ಪಾಲಾಯಿತು; ಮೇಡಂಗೆ ಕೆಳಗಿನ ತರಗತಿಯ ಮಗ್ಗಿ. ಕಹಿ ನುಂಗಿಕೊಂಡು ಆ ಪುಟಾಣಿಗಳನ್ನು ಅವರು ಸಾಕಿದ ಬಗೆಯನ್ನು ಇಲ್ಲಿ ನೆನೆಯಲೇಬೇಕು: ಹಲಗೆ ಮಸುಕಾಗಿ ಕಾಣುತ್ತಿದ್ದ ಹುಡುಗನಿಗಾಗಿ ಹಳೆಯ ಕ್ಯಾಲೆಂಡರಿನ ಬೆನ್ನಿಗೆ ಅಂಗೈಯಗಲದ ಅಂಕಿ ಬರೆದು, ಅವನ ಪಕ್ಕದಲ್ಲೇ ಕೂತು ಕಲಿಸಿದವರು ಅವರು. ಪ್ರತಿವರ್ಷವೂ ಮೇಲಿನ ತರಗತಿಯನ್ನು ಕೇಳುವರು. "ನೋಡೋಣ ಮೇಡಂ" ಎಂಬುದು ಉತ್ತರ. ಹೆಡ್‌ಮಾಸ್ಟರರು ಬದಲಾದರು, ಆ ಮಾತು ಬದಲಾಗಲಿಲ್ಲ.

ಕಳೆದ ವಾರ ಈಗಿನ ಹೆಡ್‌ಮಾಸ್ಟರರು ಅವರನ್ನು ಕರೆದು, ಗಣಿತದ ಕೊಠಡಿಗೆ ಅವರ ಹೆಸರಿಡುವುದಾಗಿ ತಿಳಿಸಿದರು. ಜೀವಂತ ನಿಂತವಳನ್ನು ಹೊರಗೇ ಬಿಟ್ಟು ಹೆಸರನ್ನು ಒಳಗೆ ಕರೆಯುತ್ತಿದ್ದಾರೆ ಎನಿಸಿತು ಅವರಿಗೆ.

"ಬೋರ್ಡು ಬೇಡ ಸರ್. ಹೋಗೋ ಮುಂಚೆ ಹತ್ತನೇ ತರಗತೀಲಿ ಒಂದು ಪಿರಿಯಡ್ ಕೊಡಿ."

"ಅಯ್ಯೋ, ರಿವಿಜನ್ ನಡೀತಿದೆ ಮೇಡಂ. ಮಕ್ಕಳು ಗಲಿಬಿಲಿ ಆಗ್ತಾರೆ."

ಬೋರ್ಡಿಗೆ ಮೊಳೆ ಹೊಡೆದಾಯಿತು. ಪಿರಿಯಡ್ ಸಿಗಲಿಲ್ಲ.

ಇನ್ನು ಮುಂದೆ ತಂಗಿಯ ಮನೆಯ ಮಹಡಿಯಲ್ಲಿ, ಬಂದ ದೊಡ್ಡ ಮಕ್ಕಳಿಗೆಲ್ಲ ಅವರು ಗಣಿತ ಹೇಳಲಿದ್ದಾರೆ. ಮೆಟ್ಟಿಲು ಹತ್ತುವ ಶಕ್ತಿ ಅವರ ಕಾಲಿಗೂ, ಕಲಿಸುವ ಹುರುಪು ಅವರ ದನಿಗೂ ಬಹುಕಾಲ ಇರಲಿ. ಅಲ್ಲಿಗೆ ಹೊರಟ ಮಕ್ಕಳನ್ನು ತಡೆಯದಿರುವುದೊಂದೇ ಈ ಶಾಲೆ ಅವರಿಗೆ ಇನ್ನು ಮಾಡಬಹುದಾದ ಸನ್ಮಾನ.