ಅರ್ಧ ಮೊಳ ಹೂವು

ಅಟ್ಟದ ಮೇಲಿದ್ದ ಹಳೆಯ ಸ್ಕ್ಯಾನರನ್ನು ಗುಜರಿಯವನಿಗೆ ಕೊಡೋಣವೆಂದು ಇಳಿಸಿ ಧೂಳು ಹೊಡೆಯುತ್ತಿದ್ದೆ. ಮುಚ್ಚಳ ಎತ್ತಿದಾಗ ಗಾಜಿನ ಅಂಚಿನ ಸಂದಿಯಲ್ಲಿ ಒಂದೆಳೆ ಕೆಂಪು ಕಂಡಿತು. ಕುಂಕುಮ. ಇಷ್ಟು ವರ್ಷವಾದ ಮೇಲೆ ಅದಕ್ಕೆ ವಾಸನೆಯೆಲ್ಲಿ ಬರಬೇಕು? ಆದರೂ ನನ್ನ ಮೂಗಿಗೆ ವಿಭೂತಿ, ಬಾಡಿದ ಮಲ್ಲಿಗೆ, ಸೋದರತ್ತೆಯ ಸೀರೆಯ ಕರ್ಪೂರ, ಎಲ್ಲವೂ ಒಟ್ಟಿಗೇ ಬಂದವು...

ಸೋದರತ್ತೆ ಎಂದರೆ ನನ್ನ ಅಪ್ಪನ ಅಕ್ಕ. ನರಸೀಪುರದಲ್ಲಿ ಒಬ್ಬರೇ ಇದ್ದರು. ಮಾವ ಅಲ್ಲಿಯ ಅಕ್ಕಿ ಗಿರಣಿಯಲ್ಲಿ ಕೆಲಸಕ್ಕಿದ್ದವರು, ಮದುವೆಯಾದ ಕೆಲವೇ ವರ್ಷಕ್ಕೆ ತೀರಿಹೋದರಂತೆ. ಮಕ್ಕಳಿರಲಿಲ್ಲ. ಮಾವನ ಮುಖ ಈ ಭೂಮಿಯ ಮೇಲೆ ಉಳಿದಿದ್ದು ಒಂದೇ ಕಡೆ, ಮದುವೆಯ ಹೊಸತರಲ್ಲಿ ತೆಗೆಸಿದ ಜೋಡಿ ಫೋಟೋದಲ್ಲಿ. ಪ್ರತಿ ಸೋಮವಾರ ಅತ್ತೆ ಅದರ ಗಾಜನ್ನು ಒದ್ದೆ ಬಟ್ಟೆಯಿಂದ ಒರೆಸಿ, ಮಾವನ ಹಣೆಗೆ ವಿಭೂತಿ ಎಳೆದು, ನಡುವೆ ಕುಂಕುಮವಿಟ್ಟು, ಅರ್ಧ ಮೊಳ ಹೂವನ್ನು ಮಾವನಿದ್ದ ಅರ್ಧಕ್ಕೆ ಮಾತ್ರ ಸಿಕ್ಕಿಸುತ್ತಿದ್ದರು. ಬದುಕಿರುವವರ ಫೋಟೋಗೆ ಹೂವು ಹಾಕಬಾರದಲ್ಲ! ಹಾಗಾಗಿ ಪಕ್ಕದಲ್ಲಿ ನಿಂತಿದ್ದ ಅತ್ತೆಯ ಅರ್ಧ ಬೋಳು. ಚಿಕ್ಕಂದಿನಲ್ಲಿ ನನಗೆ ಅದನ್ನು ನೋಡಿ ನಗು ಬರುತ್ತಿತ್ತು.

ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷಗಳಾಗಿದ್ದವು. ನಂಜನಗೂಡಿನ ಬಸ್ ಸ್ಟ್ಯಾಂಡಿನ ಹತ್ತಿರ ನಾನೊಂದು ಡಿಟಿಪಿ ಅಂಗಡಿ ಇಟ್ಟಿದ್ದೆ. ಲಗ್ನಪತ್ರಿಕೆ, ತಾಂಡ್ಯದ ಫ್ಯಾಕ್ಟರಿಗಳಿಗೆ ಅರ್ಜಿ ಹಾಕುವವರ ಬಯೋಡೇಟಾ, ಇಂಥವೇ ಕೆಲಸ. ಹಳೆಯ ಫೋಟೋ ಹಿಡಿದುಕೊಂಡು ಬರುವವರು ಹೆಚ್ಚಾದ್ದರಿಂದ ಒಂದು ಸ್ಕ್ಯಾನರ್ ಕೊಳ್ಳಬೇಕೆಂದಿದ್ದೆ. ಪಕ್ಕದ ಕಂಪ್ಯೂಟರ್ ಅಂಗಡಿಯವನು ಎರಡು ತಂದು ನನ್ನ ಮೇಜಿನ ಮೇಲಿಟ್ಟ. ಒಂದು ಸ್ಲೇಟಿನ ಹಾಗೆ ತೆಳ್ಳಗೆ, ಹೊಸ ಮಾಡೆಲ್ಲು. ಇನ್ನೊಂದು ದಪ್ಪ, ಆನೆ ಭಾರ.

"ಸಂಜೆಯೊಳಗೆ ಹೇಳ್ಬುಡಿ ಮೇಡಂ, ಇನ್ನೊಂದನ್ನ ಮೈಸೂರಿಗೆ ವಾಪಸ್ ಕಳಿಸ್ಬೇಕು. ನನ್ ಕೇಳಿದ್ರೆ ಸಣ್ಣದೇ ತಗೊಳಿ. ಈ ಗುಂಡುಕಲ್ಲು ಯಾರಿಗ್ ಬೇಕು?"

ನನಗೂ ತೆಳ್ಳಗಿನದರ ಮೇಲೇ ಕಣ್ಣಿತ್ತು. ಸುಳ್ಳೇಕೆ ಹೇಳಲಿ, ಅಂಗಡಿಗೊಂದು ಕಳೆ ಬರುತ್ತದೆಂಬ ಆಸೆ.

ಅಂದೇ ಅತ್ತೆ ಬಂದರು. ನರಸೀಪುರದಿಂದ ಬಸ್ಸಿನಲ್ಲಿ, ಆ ಫೋಟೋವನ್ನು ಟವೆಲಿನಲ್ಲಿ ಸುತ್ತಿ, ಎಳೆಗೂಸನ್ನು ಎತ್ತಿಕೊಂಡ ಹಾಗೆ ಎದೆಗೊತ್ತಿಕೊಂಡು ಬಂದಿದ್ದರು. ನೀರೂ ಕುಡಿಯದೆ ಟವೆಲು ಬಿಚ್ಚಿದರು.

"ನೋಡವ್ವ, ಗಡ್ಡದ ತಾವ ಬೆಳ್ಳುಗ್ ಬಂದದ. ಓದ್ ತಿಂಗ್ಳು ಕೊರಳ್ ತಾವಿತ್ತು. ಮಕಕ್ಕ ಅತ್ತಕ್ ಮುಂಚೆ ಏನಾರ ಮಾಡು."

ನಿಜ. ಬೂಷ್ಟಿನಂಥ ಬಿಳಿ ಕಲೆಯೊಂದು ಮಾವನ ಕುತ್ತಿಗೆ ದಾಟಿ ಗಲ್ಲಕ್ಕೆ ಏರಿತ್ತು. ಫೋಟೋ ಇಟ್ಟು ಹೋಗಿ ಎಂದರೆ ಜಪ್ಪಯ್ಯ ಅನ್ನಲಿಲ್ಲ. ಸಂಜೆಯ ಬಸ್ಸಿಗೆ ಅದರ ಜೊತೆಯಲ್ಲೇ ವಾಪಸ್ ಹೋಗಬೇಕಂತೆ.

ಕಟ್ಟು ಬಿಚ್ಚಿ, ಗಾಜಿನ ಸಮೇತ ಫೋಟೋವನ್ನು ತೆಳ್ಳಗಿನ ಸ್ಕ್ಯಾನರಿನ ಮೇಲಿಟ್ಟೆ. ಪರದೆಯ ಮೇಲೆ ಎರಡು ಮಬ್ಬು ಆಕಾರಗಳು ಮೂಡಿದವು, ಅಷ್ಟೇ. ಕಣ್ಣಿಲ್ಲ, ಮೂಗಿಲ್ಲ. ಮತ್ತೆ ಇಟ್ಟೆ. ಮತ್ತೆ ಅದೇ.

"ಗಾಜು ಅಡ್ಡ ಬತ್ತಾ ಅದೆ, ತೆಗೀರಿ ಮೇಡಂ" ಎಂದು ಅಂಗಡಿಯವನು ಬ್ಲೇಡು ತಂದ. ಅತ್ತೆಯಿದ್ದ ಅರ್ಧ ಗಾಜಿನಿಂದ ಸಲೀಸಾಗಿ ಎದ್ದಿತು. ನಡುವಿಗೆ ಬಂದಾಗ ಚಿರ್ ಎಂದು ಸಣ್ಣ ಸದ್ದಾಯಿತು. ಮಾವನ ತೋಳಿನ ಅಂಚಿನ ಒಂದು ಚೂರು ಗಾಜಿನ ಮೇಲೇ ಉಳಿಯಿತು.

"ನಿಲ್ಸಪ್ಪೋ!" ಅತ್ತೆ ಅವನ ಮಣಿಕಟ್ಟು ಹಿಡಿದುಬಿಟ್ಟರು.

ಮಾವನ ಅರ್ಧ ಪೂರ್ತಿ ಗಾಜಿಗೆ ಕಚ್ಚಿಕೊಂಡಿತ್ತು. ಎಳೆದರೆ ಅತ್ತೆ ಒಬ್ಬರೇ ಈಚೆ ಬರುತ್ತಿದ್ದರು. ಅಂಗಡಿಯವನು ಪಾಪ, ಏನೂ ತಿಳಿಯದೆ ಅಂದ: "ನೀರು ಒಳಗಿಳಿದದೆ ಅಮ್ಮ. ಒದ್ದೆ ಬಟ್ಟೇಲಿ ಒರೆಸ್ತಿದ್ರಾ? ಈ ಕಡೆನೇ ಜಾಸ್ತಿ ಒರೆಸಿದೀರಿ."

ಅತ್ತೆ ಸ್ಟೂಲಿನ ಮೇಲೆ ಕೂತರು. ಯಾವ ಕೈ ಅಷ್ಟು ವರ್ಷ ಪೂಜೆ ಮಾಡಿತ್ತೋ ಆ ಕೈಯನ್ನೇ ನೋಡಿಕೊಂಡರು. ನನಗೆ ಅವನ ಬಾಯಿಗೆ ಬಟ್ಟೆ ತುರುಕುವಷ್ಟು ಸಿಟ್ಟು ಬಂತು. "ನಾನೇಯಾ..." ಎಂದರು ಅತ್ತೆ.

ಮೇಜಿನ ಮೇಲೆ ಇನ್ನು ಉಳಿದಿದ್ದು ಆ ಗುಂಡುಕಲ್ಲು. ದಿನಾ ಕರೆಂಟು ತೆಗೆಯುವ ಹೊತ್ತು ಹತ್ತಿರ ಬಂದಿತ್ತು. ಅವಸರಕ್ಕೆ ವೈರು ಸಿಕ್ಕಿಸಲು ತೂತೇ ಸಿಗಲೊಲ್ಲದು. ಅತ್ತೆ ಎದ್ದು, ಗಾಜಿನ ಮೇಲಿನ ವಿಭೂತಿ ಕುಂಕುಮವನ್ನು ಒಣ ಸೆರಗಿನಿಂದ ಉಸಿರು ಬಿಗಿಹಿಡಿದು ಒರೆಸಿಕೊಟ್ಟರು. ಫೋಟೋ ಕವುಚಿಡುವಾಗ ಅಂಚಿನ ಕುಂಕುಮ ಸ್ಕ್ಯಾನರಿನ ಸಂದಿಗೆ ಉದುರಿತು. ದೀಪ ಮೆಲ್ಲಗೆ ಬೆಳ್ಳಗಾಯಿತು, ಗರಗರ ಎನ್ನುತ್ತ ಸರಿಯಿತು. ಪರದೆಯ ಮೇಲ್ತುದಿಯಿಂದ ಚಿತ್ರ ಒಂದೊಂದೇ ಎಳೆಯಾಗಿ ಇಳಿದು ಬಂತು... ಪೇಟದ ಅಂಚು, ಹಣೆ, ಹುಬ್ಬು. ಕರೆಂಟು ಹೋಗಬೇಡ, ಹೋಗಬೇಡ ಎಂದು ಶ್ರೀಕಂಠೇಶ್ವರನಿಗೆ ಹರಕೆ ಹೊತ್ತೆ.

ಕಣ್ಣು ಬಂತು. ಕೆತ್ತಿದಷ್ಟು ನಿಚ್ಚಳವಾಗಿತ್ತು. ತೆಳ್ಳಗಿನದಕ್ಕೆ ತನ್ನ ಗಾಜಿಗೆ ತಾಗಿದ್ದು ಮಾತ್ರ ಕಾಣುತ್ತದೆ, ದಪ್ಪದ್ದರ ಹೊಟ್ಟೆಯೊಳಗೆ ಕನ್ನಡಿ, ಮಸೂರ ಇರುವುದರಿಂದ ಅದು ಗಾಜಿನಾಚೆಗೂ ನೋಡುತ್ತದೆ ಎಂಬುದು ನನಗೆ ಆಮೇಲೆ ತಿಳಿಯಿತು.

ಅತ್ತೆ ಪರದೆಯ ಹತ್ತಿರ ಬಂದು ನಿಂತರು. "ಇಷ್ಟು ಚಿಕ್ಕೋರಿದ್ರಾ" ಎಂದಷ್ಟೇ ಅಂದರು.

ಕಂಪ್ಯೂಟರಿನಲ್ಲೇ ಬಿಳಿ ಕಲೆ ತೆಗೆದು ಎರಡು ಪ್ರಿಂಟು ಕೊಡಹೋದರೆ ಒಂದನ್ನೂ ಮುಟ್ಟಲಿಲ್ಲ. ಹಳೆಯದನ್ನು ಮತ್ತೆ ಕಟ್ಟಿನೊಳಗಿಟ್ಟು ಟವೆಲು ಸುತ್ತಿದರು.

"ಇದು ನಂಗೆ, ಅದು ನಿಂಗೆ. ನಾ ಓದ್ ಮ್ಯಾಲ ಅದ್ಕ ಕಟ್ಟಾಕ್ಸು. ಆವಾಗ ಊವ ಇಬ್ರಿಗೂ ಸೇರ್ಸಿ ಆಕು ಮಗ. ಅಲ್ಲೀಗಂಟ ನನ್ ಪಾಲು ಖಾಲಿ ಇರ್ಲಿ."

"ಸುಮ್ನಿರತ್ತೆ" ಎಂದು ಗದರಿದೆ. ಬಸ್ಸು ಹತ್ತಿಸಿ ಬಂದು, ಗುಂಡುಕಲ್ಲೇ ಇರಲಿ ಎಂದು ಅಂಗಡಿಯವನಿಗೆ ಹೇಳಿದೆ.

ಅಂದಿನಿಂದ ಅತ್ತೆ ಒಣಬಟ್ಟೆಯಲ್ಲೇ ಒರೆಸುತ್ತಿದ್ದರು. ಆದರೂ ಬಿಳಿ ನಿಲ್ಲಲಿಲ್ಲ. ಹೋದಾಗಲೆಲ್ಲ ನೋಡುತ್ತಿದ್ದೆ, ಬಾಯಿ ಹೋಯಿತು, ಮೂಗು ಹೋಯಿತು... ಕೊನೆಕೊನೆಗೆ ಗಾಜಿನ ಹಿಂದೆ ಮುಖವೇ ಇರಲಿಲ್ಲ. ಆ ಬಿಳುಪಿನ ಮೇಲೆಯೇ ಅತ್ತೆ ತಡಕಾಡದೆ, ಹಣೆ ಇದ್ದ ಜಾಗಕ್ಕೆ ಸರಿಯಾಗಿ ವಿಭೂತಿ ಎಳೆಯುತ್ತಿದ್ದರು. ಹೊಸದು ಹಾಕಿಕೊಳ್ಳಿ ಎಂದರೆ, "ನಂಗ್ ಕಾಣ್ತದ ಬುಡು" ಎನ್ನುತ್ತಿದ್ದರು.

ಅವರು ಹೋದ ಮೇಲೆ ಆ ಹಳೆಯ ಫೋಟೋವನ್ನು ಅವರ ಜೊತೆಯಲ್ಲೇ ಮಣ್ಣಿಗಿಟ್ಟೆವು.

ಗುಜರಿಯವನು ಬಂದು ಸ್ಕ್ಯಾನರನ್ನು ತೂಕಕ್ಕೆ ಹಾಕಿಕೊಂಡು ಹೋದ. ಕುಂಕುಮ ಒರೆಸಲು ಮನಸ್ಸು ಬರಲಿಲ್ಲ, ಹಾಗೇ ಹೋಯಿತು. ಒಳಗೆ ಗೋಡೆಯ ಮೇಲೆ ಅಂದಿನ ಪ್ರಿಂಟಿದೆ, ಇಬ್ಬರ ಮುಖವೂ ನಿಚ್ಚಳವಾಗಿದೆ. ಸಂಜೆ ಬೀದಿಯಲ್ಲಿ ಹೂವಿನವಳು ಕೂಗಿದಳು. ನಾನು ಬಾಗಿಲಿಗೆ ಹೋಗಿ ಒಂದು ಮೊಳ ಕೇಳಿದೆ.